ಕಂಡೀಷನಲ್ ಫಾರ್ಮ್ಯಾಟಿಂಗ್: ಬಣ್ಣ ಒಂದು ಸಾಲು ಮೇಲೆ ಬರ್ತಿದೆ, ಯಾಕೆ?

ಪ್ರಶ್ನೆ: ಸರ್, ಎಕ್ಸೆಲ್‌ನಲ್ಲಿ ಕೆಲಸಗಳ ಪಟ್ಟಿ ಇಟ್ಟುಕೊಂಡಿದ್ದೇನೆ. ಎ ಕಾಲಂನಲ್ಲಿ ಕೆಲಸ, ಬಿಯಲ್ಲಿ ಮಾಡುವವರ ಹೆಸರು, ಸಿಯಲ್ಲಿ ಶುರುವಾದ ದಿನ, ಡಿಯಲ್ಲಿ ಕೊನೆಯ ದಿನ. ಕೆಲಸ ಮುಗಿದರೆ ಇ ಕಾಲಂನಲ್ಲಿ "ಮುಗಿದಿದೆ" ಅಂತ ಬರೆಯುತ್ತೇನೆ, ಇಲ್ಲದಿದ್ದರೆ ಖಾಲಿ ಬಿಡುತ್ತೇನೆ. ಮೊದಲ ಸಾಲಿನಲ್ಲಿ ತಲೆಬರಹ ಇದೆ. ಗಡುವು ದಾಟಿದ ಸಾಲು ಪೂರ್ತಿ ಕೆಂಪಾಗಬೇಕು, ಅಷ್ಟೇ. ಎ1ರಿಂದ ಇ300ರವರೆಗೆ ಆಯ್ಕೆ ಮಾಡಿ =ಡಿ2<ಟುಡೇ() ಅಂತ ಕಂಡೀಷನಲ್ ಫಾರ್ಮ್ಯಾಟಿಂಗ್ ರೂಲ್ (ಷರತ್ತು ಹೊಂದಿದ ಸೆಲ್‌ಗೆ ತಾನಾಗಿ ಬಣ್ಣ ಹಾಕುವ ನಿಯಮ) ಹಾಕಿದೆ. (ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇದೆ.) ಈಗ ಸಿ, ಡಿ, ಇ ಕಾಲಂಗಳು ಮೇಲಿಂದ ಕೆಳಗಿನವರೆಗೆ ಕೆಂಪೋ ಕೆಂಪು. ಬಿಯಲ್ಲಿ ಅಲ್ಲೊಂದು ಇಲ್ಲೊಂದು. ಎ ಕಾಲಂ ಪರವಾಗಿಲ್ಲ ಅನ್ನಿಸಿತು, ಆದರೆ ಬಣ್ಣ ಒಂದು ಸಾಲು ಮೇಲೆ ಬರುತ್ತಿದೆ. ಪಟ್ಟಿ ಇರುವುದು 40 ಸಾಲು, ಅದರ ಕೆಳಗೂ ಕೆಂಪು! ಫೈಲ್ ಕೆಟ್ಟಿದೆಯಾ?

ಉತ್ತರ: ಫೈಲ್ ಚೆನ್ನಾಗಿಯೇ ಇದೆ. ನೀವು ಹೇಳಿದ್ದನ್ನೇ ಎಕ್ಸೆಲ್ ಚಾಚೂ ತಪ್ಪದೆ ಮಾಡಿದೆ.

ರೂಲಿನಲ್ಲಿ ಬರೆಯುವ ಫಾರ್ಮುಲಾ ಇಡೀ ಪಟ್ಟಿಗೆ ಬರೆದದ್ದಲ್ಲ. ಅದು ಆಯ್ಕೆಯ ಮೊದಲ ಸೆಲ್‌ಗೆ ಮಾತ್ರ ಬರೆದದ್ದು. ಉಳಿದ ಸೆಲ್‌ಗಳಿಗೆ ಎಕ್ಸೆಲ್ ಅದನ್ನು ಜರುಗಿಸಿಕೊಂಡು ಹೋಗುತ್ತದೆ, ನಾವು ಫಾರ್ಮುಲಾ ಎಳೆದಾಗ ಆಗುವ ಹಾಗೆ. ನಿಮ್ಮ ಮೊದಲ ಸೆಲ್ ಎ1. ಅದಕ್ಕೆ "ಡಿ2 ನೋಡು" ಅಂದಿದ್ದೀರಿ. ಅಂದರೆ ಪ್ರತಿ ಸಾಲೂ ತನ್ನ ಕೆಳಗಿನ ಸಾಲಿನ ದಿನಾಂಕ ನೋಡುತ್ತಿದೆ. ಬಣ್ಣ ಒಂದು ಸಾಲು ಮೇಲೆ ಬಂದದ್ದು ಇದರಿಂದ.

ಪಕ್ಕಕ್ಕೂ ಹಾಗೇ ಜರುಗಿದೆ. ಬಿ1 ನೋಡಿದ್ದು ಇ2, ಸಿ1 ನೋಡಿದ್ದು ಎಫ್2, ಡಿ1 ನೋಡಿದ್ದು ಜಿ2. ಎಫ್ ಕಾಲಂನಿಂದಾಚೆ ನಿಮ್ಮಲ್ಲಿ ಏನೂ ಇಲ್ಲ. ಹೋಲಿಸುವಾಗ ಖಾಲಿ ಸೆಲ್ ಅಂದರೆ ಎಕ್ಸೆಲ್‌ಗೆ ಸೊನ್ನೆ. ದಿನಾಂಕವೂ ಒಳಗಡೆ ಒಂದು ಸಂಖ್ಯೆಯೇ: 1900ರ ಜನವರಿ 1 ಅಂದರೆ 1, 2025ರ ಜನವರಿ 1 ಅಂದರೆ 45658. ಸೊನ್ನೆ ಯಾವತ್ತೂ ಇವತ್ತಿಗಿಂತ ಕಡಿಮೆ, ಅಲ್ವಾ? ಹಾಗಾಗಿ ಖಾಲಿ ಇದ್ದದ್ದೆಲ್ಲ "ಗಡುವು ದಾಟಿದೆ" ಅಂತ ಕೆಂಪಾಯಿತು.

ಹಳೆಯ ರೂಲ್ ಅಳಿಸಿ. ಎ2ರಿಂದ ಇ300ರವರೆಗೆ ಆಯ್ಕೆ ಮಾಡಿ, ಮೇಲಿಂದ ಕೆಳಕ್ಕೇ ಎಳೆಯಿರಿ. ಕೆಳಗಿಂದ ಮೇಲಕ್ಕೆ ಎಳೆದರೆ ಕೆಳಗಿನ ಸೆಲ್ಲೇ ಲೆಕ್ಕಕ್ಕೆ ಮೊದಲನೆಯದಾಗಿಬಿಡುತ್ತದೆ. ಆಮೇಲೆ ಹೋಮ್, ಕಂಡೀಷನಲ್ ಫಾರ್ಮ್ಯಾಟಿಂಗ್, ನ್ಯೂ ರೂಲ್, ಅಲ್ಲಿ ಫಾರ್ಮುಲಾ ಬಳಸುವ ಕೊನೆಯ ಆಯ್ಕೆ. ಹೀಗೆ ಬರೆಯಿರಿ:

=ಆಂಡ್($ಡಿ2<>"", $ಡಿ2<ಟುಡೇ(), $ಇ2<>"ಮುಗಿದಿದೆ")

ಅಂದರೆ ಡಿಯಲ್ಲಿ ದಿನಾಂಕ ಖಾಲಿ ಇರಬಾರದು, ಅದು ಇವತ್ತಿಗಿಂತ ಹಿಂದಿನದಾಗಿರಬೇಕು, ಇಯಲ್ಲಿ "ಮುಗಿದಿದೆ" ಅಂತ ಇರಬಾರದು. ಮೂರೂ ಸರಿಯಿದ್ದರೆ ಮಾತ್ರ ಕೆಂಪು. ಡಾಲರ್ ಗುರುತು ಅಕ್ಷರದ ಮುಂದೆ ಮಾತ್ರ. ಆಗ ಕಾಲಂ ಜರುಗುವುದಿಲ್ಲ, ಸಾಲು ಮಾತ್ರ ಜರುಗುತ್ತದೆ. 2ರ ಮುಂದೆಯೂ ಡಾಲರ್ ಹಾಕಿದರೆ ($ಡಿ$2) ಎಲ್ಲ ಸಾಲುಗಳೂ ಎರಡನೇ ಸಾಲನ್ನೇ ನೋಡುತ್ತಾ ಕೂರುತ್ತವೆ.

ಫಾರ್ಮುಲಾ ಬರೆಯುವ ಆ ಡಬ್ಬಿಯೊಳಗೆ ತಿದ್ದುವಾಗ ಬಾಣದ ಕೀಲಿ ಒತ್ತಿದರೆ ಸುಮ್ಮಸುಮ್ಮನೆ ಸೆಲ್ ಹೆಸರುಗಳು ಬಂದು ತುಂಬಿಕೊಳ್ಳುತ್ತವೆ. ಮೊದಲು ಎಫ್2 ಕೀಲಿ ಒತ್ತಿ. ಇದು ಗೊತ್ತಿಲ್ಲದೆ ನಾನು ಎಷ್ಟೋ ವರ್ಷ ಬೈಯ್ದುಕೊಂಡೇ ಕೆಲಸ ಮಾಡಿದ್ದೇನೆ.

ಕೇಳಿದವರು: ಸರ್, ಬಂತು! ಆದರೆ ಎರಡು ಸಾಲು ಗಡುವು ದಾಟಿ ತಿಂಗಳಾಗಿದ್ದರೂ ಬೆಳ್ಳಗೇ ಇವೆ. ಅವುಗಳಲ್ಲಿ ದಿನಾಂಕ 12.03.2024 ಅಂತ ಚುಕ್ಕೆ ಇಟ್ಟು ಬರೆದಿದೆ.

ಉತ್ತರ: ಆ ಎರಡು ಸೆಲ್‌ಗಳಲ್ಲಿ ದಿನಾಂಕ ಎಡಕ್ಕೆ ಅಂಟಿಕೊಂಡಿರಬೇಕು, ನೋಡಿ. ಹಾಗಿದ್ದರೆ ಅದು ದಿನಾಂಕ ಅಲ್ಲ, ಬರೀ ಅಕ್ಷರ. ಎಕ್ಸೆಲ್ ಲೆಕ್ಕದಲ್ಲಿ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಆದ್ದರಿಂದ ಅದು "ಇವತ್ತಿಗಿಂತ ಕಡಿಮೆ" ಆಗುವುದೇ ಇಲ್ಲ. ಡಿ ಕಾಲಂ ಆಯ್ಕೆ ಮಾಡಿ, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆಗೆಯಿರಿ. ಮೂರನೇ ಹಂತದಲ್ಲಿ ಡೇಟ್, ಪಕ್ಕದಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಆರಿಸಿ ಮುಗಿಸಿ.

ಇನ್ನು ಮುಂದೆ ಯಾವುದೇ ರೂಲ್ ಬರೆಯುವ ಮುಂಚೆ ಆ ಫಾರ್ಮುಲಾವನ್ನು ಪಕ್ಕದ ಖಾಲಿ ಕಾಲಂನಲ್ಲಿ ಬರೆದು ಕೆಳಗೆ ಎಳೆದು ನೋಡಿ. ಟ್ರೂ ಬಂದ ಸಾಲಿಗೆ ಬಣ್ಣ, ಫಾಲ್ಸ್ ಬಂದಲ್ಲಿ ಇಲ್ಲ. ರೂಲ್ ಡಬ್ಬಿಯೊಳಗೆ ತಪ್ಪು ಕಾಣುವುದಿಲ್ಲ, ಶೀಟಿನ ಮೇಲೆ ತಕ್ಷಣ ಕಾಣುತ್ತದೆ. ನಾನು ಈಗಲೂ ಹೀಗೇ ಮಾಡುವುದು.

ಇನ್ನೊಬ್ಬರು: ನಂದೂ ಒಂದು ಕೇಳಲಾ ಸರ್? ಒಂದೇ ರೂಲ್ ಹಾಕಿದ್ದೆ. ಈಗ ರೂಲ್‌ಗಳ ಪಟ್ಟಿ ತೆಗೆದು ನೋಡಿದರೆ ಅದೇ ರೂಲ್ ಅರುವತ್ತು ಚಿಲ್ಲರೆ ಸಲ ಇದೆ. ಫೈಲ್ ತೆವಳುತ್ತಿದೆ.

ಉತ್ತರ: ಕಾಪಿ, ಪೇಸ್ಟ್ ಮಾಡಿದ್ದರ ಫಲ. ಸೆಲ್ ಅಂಟಿಸಿದಾಗ ಅದರ ರೂಲೂ ಜೊತೆಗೆ ಬರುತ್ತದೆ, ವ್ಯಾಪ್ತಿ ತುಂಡುತುಂಡಾಗುತ್ತದೆ. ಮ್ಯಾನೇಜ್ ರೂಲ್ಸ್ ತೆಗೆದು, ಮೇಲೆ ದಿಸ್ ವರ್ಕ್‌ಶೀಟ್ ಆರಿಸಿ. ಒಂದನ್ನು ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿ. ಉಳಿದದ್ದರ ವ್ಯಾಪ್ತಿಯನ್ನು ಪೂರ್ತಿ ಪಟ್ಟಿಗೆ ಹಿಗ್ಗಿಸಿ, ಫಾರ್ಮುಲಾ ಮೊದಲ ಸಾಲಿಗೆ ಹೊಂದುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಮುಂದೆ ಅಂಟಿಸುವಾಗ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಮಾತ್ರ.

2003ರ ಎಕ್ಸೆಲ್‌ವರೆಗೆ ಒಂದು ಸೆಲ್‌ಗೆ ಮೂರೇ ಷರತ್ತು ಹಾಕಬಹುದಿತ್ತು. 2007ರಲ್ಲಿ ಆ ಮಿತಿ ಹೋಯಿತು. ಅವತ್ತು ಖುಷಿಪಟ್ಟವರಲ್ಲಿ ನಾನೂ ಒಬ್ಬ. ಈಗ ಜನ ಕಳಿಸುವ ಕಾಮನಬಿಲ್ಲಿನಂಥ ಶೀಟುಗಳನ್ನು ನೋಡಿದಾಗ ಮೂರೇ ಸಾಕಿತ್ತು ಅನ್ನಿಸುತ್ತದೆ.

ಮತ್ತೊಬ್ಬರು: ಕೆಂಪಾದ ಸಾಲುಗಳು ಎಷ್ಟು ಅಂತ ಎಣಿಸಲು ಫಾರ್ಮುಲಾ ಇದೆಯಾ?

ಉತ್ತರ: ಬಣ್ಣ ಎಣಿಸಲು ಹೋಗಬೇಡಿ. ಬಣ್ಣಕ್ಕೆ ಕಾರಣವಾದ ಷರತ್ತನ್ನೇ ಎಣಿಸಿ:

=ಕೌಂಟಿಫ್ಸ್(ಡಿ2:ಡಿ300, "<"&ಟುಡೇ(), ಇ2:ಇ300, "<>ಮುಗಿದಿದೆ")

ಇಲ್ಲಿ ಖಾಲಿ ದಿನಾಂಕದ ತಲೆನೋವಿಲ್ಲ, ಕೌಂಟಿಫ್ಸ್ ಅವುಗಳನ್ನು ತಾನೇ ಬಿಟ್ಟುಬಿಡುತ್ತದೆ. ಬರೀ ನೋಡುವುದಕ್ಕಾದರೆ ಫಿಲ್ಟರ್ ಬೈ ಕಲರ್ ಸಾಕು.

ಕೇಳಿದವರು: ದಿನಾಂಕ ಸರಿಯಾಯಿತು ಸರ್. ಆದರೆ ಒಂದು ಸಾಲಿನಲ್ಲಿ "ಮುಗಿದಿದೆ" ಅಂತ ಕಣ್ಣಿಗೆ ಹೊಡೆಯುವ ಹಾಗೆ ಇದೆ, ಆದರೂ ಕೆಂಪು!

ಉತ್ತರ: ಆ ಸೆಲ್ ಒಳಗೆ ಹೋಗಿ ಎಂಡ್ ಕೀಲಿ ಒತ್ತಿ. ಕರ್ಸರ್ ಎಲ್ಲಿ ನಿಂತಿತು?

ಕೇಳಿದವರು: ಅಯ್ಯೋ, ಕೊನೆಯಲ್ಲಿ ಒಂದು ಸ್ಪೇಸ್ ಇದೆ.

ಉತ್ತರ: ಅದೇ. ಅದನ್ನು ಅಳಿಸಿ. ಇ ಕಾಲಂಗೆ ಡೇಟಾ ವ್ಯಾಲಿಡೇಷನ್‌ನಲ್ಲಿ ಲಿಸ್ಟ್ ಹಾಕಿ, ಟೈಪ್ ಮಾಡುವ ಬದಲು ಆರಿಸಿಕೊಳ್ಳಲಿ.