ಹೊಲದಾಗ ತುರಿಕಿ, ಕೊಟಗಿಯಾಗ ಕಡಿಯೋ ನೊಣ: ಎರಡಕ್ಕೂ ಒಂದ ಮುಲಾಮು ನಡಿತದೇನ್ರಿ?

ಎರಿಹೊಲ_ಬ್ಯಾಡಗಿ ಕೇಳಿದ್ದು:

ಎಲ್ಲಾರಿಗೂ ಶರಣ್ರಿ. ಬ್ಯಾಡಗಿ ತಾಲೂಕ. ಗೋವಿನಜೋಳ, ಮೆಣಸಿನಗಿಡ, ಕೊಟಗಿಯಾಗ ಎರಡು ಎತ್ತು, ಮೂರು ಎಮ್ಮಿ. ಮಳಿ ಹಿಡಿದ ಮ್ಯಾಲೆ ಎರಡು ತ್ರಾಸ ಸುರು ಆಗ್ಯಾವ. ಒಂದು, ಹಾಲು ಹಿಂಡೋವಾಗ ಕಾಲಿಗೆ ಒಂದು ನೊಣ ಸೂಜಿ ಚುಚ್ಚಿದಂಗ ಕಡಿತದ. ನೋಡಾಕ ಮನಿ ನೊಣದಂಗ ಐತಿ, ಪ್ಯಾಂಟಿನ ಮ್ಯಾಲಿಂದನೂ ಬಿಡಂಗಿಲ್ಲ. ಎರಡು, ಕಸ ತಗಿಯಾಕ ಬರೋ ಆಳುಗಳಿಗೆ ಕುತ್ತಿಗಿ, ಕಣ್ಣರೆಪ್ಪಿ, ಮೊಣಕೈ ಮಡಿಕಿಯಾಗ ಕೆಂಪಗಾಗಿ ತುರಿಕಿ. ಅದೂ ನೊಣದ್ದ ಕಡಿತ ಅಂತಾರ ಎಲ್ಲಾರೂ. ಮೆಡಿಕಲ್‌ನ್ಯಾಗ ಒಂದು ಟ್ಯೂಬ್ ಕೊಟ್ಟಾರ, ಎರಡಕ್ಕೂ ಅದನ್ನ ಹಚ್ಚಾಕ ಹತ್ಯಾರ. ನಡಿತದೇನು? ನೊಣ ಕಡಿಮಿ ಮಾಡೋ ದಾರಿ ಏನು?

---

ಚರ್ಮದ_ಮಾತು, ಧಾರವಾಡ:

ಎರಡೂ ಬ್ಯಾರೆ ಬ್ಯಾರೆ ರೀ. ಮೈಮೇಲೆ ಎಲ್ಲಿ ಎದ್ದಿದೆ ಅನ್ನೋದನ್ನ ಮೊದಲು ನೋಡಿ, ಅರ್ಧ ಉತ್ತರ ಅಲ್ಲೇ ಇರ್ತದೆ. ನೊಣ ಕಡಿದಿದ್ದಾದರೆ ಬಿಡಿಬಿಡಿ ಗುಳ್ಳೆ, ಪ್ರತಿಯೊಂದರ ನಡುವೆ ಚುಚ್ಚಿದ ಚುಕ್ಕೆ, ಹೆಚ್ಚಾಗಿ ಮೊಣಕಾಲಿಂದ ಕೆಳಗೆ. ನೀವು ಹೇಳಿದ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಅಂದ್ರೆ ನನ್ನ ಅನುಮಾನ ಕಾಂಗ್ರೆಸ್ ಕಸದ ಮೇಲೆ, ಅಂದ್ರೆ ಪಾರ್ಥೇನಿಯಂ. ಅದರ ಎಲೆ, ಕಾಂಡದ ಸಣ್ಣ ಕೂದಲಲ್ಲಿ ಪಾರ್ಥೇನಿನ್ ಅನ್ನೋ ಅಂಶ ಇದೆ. ಗಿಡ ಒಣಗಿ ಪುಡಿಯಾದರೂ ಅದು ಹೋಗೋದಿಲ್ಲ. ಗಾಳಿಯಲ್ಲಿ ಹಾರಿ ಬಂದು ಮಡಿಕೆಗಳಲ್ಲಿ ಬೆವರಿನ ಜೊತೆ ಕೂರ್ತದೆ.

ಬಿಸಿಲಿನ ಅಲರ್ಜಿ ಅಂತ ತಪ್ಪು ತಿಳ್ಕೊಳ್ಳೋರು ಬಹಳ. ಬಿಸಿಲಿಂದ ಆಗಿದ್ದರೆ ಗದ್ದದ ಕೆಳಗೆ, ಕಿವಿ ಹಿಂದೆ, ರೆಪ್ಪೆ ಮೇಲೆ ನೆರಳು ಬೀಳೋ ಜಾಗ ಉಳೀತದೆ. ಕಾಂಗ್ರೆಸ್ ಕಸ ಆ ಜಾಗಗಳನ್ನೂ ಬಿಡೋದಿಲ್ಲ. ಇನ್ನೊಂದು ಗುರುತು: ಈ ಅಲರ್ಜಿ ಮುಟ್ಟಿದ ತಕ್ಷಣ ಏಳೋದಿಲ್ಲ, ಒಂದು ಎರಡು ದಿನ ಬಿಟ್ಟು ಏಳ್ತದೆ. ಅದಕ್ಕೇ ಯಾರೂ ಕಸಕ್ಕೂ ತುರಿಕೆಗೂ ಗಂಟು ಹಾಕೋದಿಲ್ಲ. ವರ್ಷಗಟ್ಟಲೆ ಅದೇ ಕಸ ಕಿತ್ತು ಏನೂ ಆಗದವರಿಗೂ ಒಂದಿನ ಸುರು ಆಗಬಹುದು, ಆದ ಮೇಲೆ ಹೋಗೋದು ಕಷ್ಟ. ಒಮ್ಮೆ ಹತ್ತಿದವರಲ್ಲಿ ಕೆಲವರಿಗೆ ಸೇವಂತಿಗೆ, ಸೂರ್ಯಕಾಂತಿಯೂ ಆಗಿಬರೋದಿಲ್ಲ, ಎಲ್ಲಾ ಒಂದೇ ಕುಟುಂಬದ ಗಿಡ.

ಆ ಟ್ಯೂಬಿನ ಮೇಲೆ ಏನು ಬರೆದಿದೆ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಇದ್ದರೆ ಅದು ಸ್ಟಿರಾಯ್ಡ್. ಮುಖ, ರೆಪ್ಪೆಗೆ ತಾವೇ ಹಚ್ಚಿಕೊಂಡರೆ ಚರ್ಮ ತೆಳ್ಳಗಾಗ್ತದೆ. ತೊಡೆಸಂದಿಯ ಗಜಕರ್ಣಕ್ಕೆ ಹಚ್ಚಿದರಂತೂ ಮೇಲೆ ಕೆಂಪು ಇಳಿದು, ಒಳಗೊಳಗೇ ಹಬ್ತದೆ. ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಚರ್ಮದ ವಿಭಾಗಕ್ಕೋ ಹಾವೇರಿ ಜಿಲ್ಲಾಸ್ಪತ್ರೆಗೋ ತೋರಿಸಿ, ಯಾವುದರಿಂದ ಅಲರ್ಜಿ ಅಂತ ತಿಳಿಯೋ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ತಾಸಿಗೆ ಬಿಚ್ಚಿ ನೋಡ್ತಾರೆ, ಆಮೇಲೆ ಒಂದೆರಡು ದಿನ ಬಿಟ್ಟು ಮತ್ತೊಮ್ಮೆ. ಅಲ್ಲಿವರೆಗೆ ಬೆನ್ನಿಗೆ ನೀರು ತಾಗಬಾರದು. ಜೋರಾಗಿದ್ದರೆ ಮೈಯ ರೋಗನಿರೋಧಕ ಶಕ್ತಿ ತಗ್ಗಿಸೋ ಅಜಾಥಯೋಪ್ರಿನ್ ಮಾತ್ರೆ ಕೊಡೋದುಂಟು, ಅದಕ್ಕೆ ರಕ್ತ ಪರೀಕ್ಷೆ ಮಾಡಿಸ್ತಾ ಇರಬೇಕು. ಚೀಟಿ ತೋರಿಸಿ ತಾವೇ ಮುಂದುವರಿಸೋ ಔಷಧಿ ಅಲ್ಲ ಅದು.

ಕೆಲಸ ಮುಗಿದ ಕೂಡಲೇ ತಣ್ಣೀರಲ್ಲಿ ಸೋಪು ಹಚ್ಚಿ ಮೈ ತೊಳ್ಕೋಬೇಕು. ಬಿಸಿನೀರು ಹಾಯಿ ಅನ್ನಿಸ್ತದೆ, ಆಮೇಲೆ ತುರಿಕೆ ದುಪ್ಪಟ್ಟು. ಹೊಲದ ಅಂಗಿ ಬೇರೆ ಬಕೆಟ್ಟಿಗೆ. ತೊಳೆದಿದ್ದನ್ನ ಕಸ ಬೆಳೆದ ಬೇಲಿ ಮೇಲೆ ಒಣಗಹಾಕಿದರೆ ತೊಳೆದು ಏನೂ ಉಪಯೋಗ ಇಲ್ಲ.

---

ದನಕರು_ಹಾವೇರಿ:

ನೊಣದ ಬಗ್ಗೆ ನಾ ಹೇಳ್ತೀನ್ರಿ. ಅದು ಮನಿ ನೊಣ ಅಲ್ಲ, ಸ್ಟೋಮಾಕ್ಸಿಸ್ ಅಂತಾರ. ಮುಂದ ಸಣ್ಣ ಸೂಜಿಯಂಗ ಮೂತಿ ಚಾಚಿರ್ತದ, ಹತ್ರ ಹೋಗಿ ನೋಡ್ರಿ, ಬರಿಗಣ್ಣಿಗೆ ಕಾಣ್ತದ. ಗಂಡು ಹೆಣ್ಣು ಎರಡೂ ರಕ್ತ ಕುಡಿತಾವ. ಹೊಟ್ಟಿ ತುಂಬಿದ ಮ್ಯಾಲೆ ಗ್ವಾಡಿ, ಕಂಬದ ಮ್ಯಾಲೆ ತಲಿ ಮ್ಯಾಲ ಮಾಡಿ ಕೂಡ್ತಾವ. ನಿಮ್ಮ ದನ ಒಂದೇ ಸಮ ಕಾಲು ಜಾಡಿಸಾಕ ಹತ್ತಿದ್ರ ಇದ ಕಾರಣ. ಹಾಲೂ ಇಳಿತದ. 2022ರಾಗ ಚರ್ಮಗಂಟು ರೋಗ ನಮ್ಮ ಜಿಲ್ಲಾದಾಗ ಹಬ್ಬಿದ್ದು ನೆನಪೈತಲ್ಲ, ಅದನ್ನ ದನದಿಂದ ದನಕ್ಕ ಒಯ್ಯೋದ್ರಾಗ ಇಂಥ ಕಡಿಯೋ ನೊಣ, ಗುಂಗಾಡದ್ದೂ ಕೈ ಐತಿ.

ಎಲ್ಲಾರೂ ತಿಪ್ಪಿ ಕಡೆ ನೋಡ್ತಾರ. ಗ್ವಾದ್ಲಿ ಕೆಳಗ ಬಗ್ಗಿ ನೋಡ್ರಿ. ದನ ಚೆಲ್ಲಿದ ಕಣಿಕಿ, ಹೊಟ್ಟು, ಉಚ್ಚಿ, ಸೆಗಣಿ ಕೂಡಿ ಕೊಳತು ಬೆಚ್ಚಗ ಇರೋ ಜಾಗ ಅದಕ್ಕ ಭಾಳ ಸೇರ್ತದ. ತತ್ತಿಯಿಂದ ನೊಣ ಆಗಾಕ ನಮ್ಮ ಹವಾಕ್ಕ ಎರಡು ಮೂರು ವಾರ. ಅದಕ್ಕ ವಾರಕ್ಕ ಎರಡು ಸರ್ತಿ ಗ್ವಾದ್ಲಿ ಬುಡ, ಮೂಲಿ, ಗೂಟದ ಸುತ್ತ ಕೆರದು ತಗದ್ರ ಒಂದು ಪೀಳಿಗಿನೂ ಹೊರಗ ಬರಂಗಿಲ್ಲ. ತಗದಿದ್ದನ್ನ ಕೊಟಗಿ ಬಾಜೂಕ ಗುಡ್ಡಿ ಹಾಕಬ್ಯಾಡ್ರಿ. ಬಿಸಿಲಿದ್ರ ನಾಕು ಬಟ್ಟು ದಪ್ಪಕ್ಕಿಂತ ಕಡಿಮಿ ಹರವ್ರಿ, ಒಣಗಿದ್ರ ಹುಳ ಸಾಯ್ತದ. ಮಳಿ ಇದ್ರ ಗುಂಡಿಗೆ ಹಾಕಿ ಕರೇ ತಾಡಪಾಲು ಬಿಗಿಯಾಗಿ ಮುಚ್ರಿ, ಒಳಗಿನ ಕಾವಿಗೆ ಸಾಯ್ತಾವ. ಉಚ್ಚಿ ಹರಿಯೋ ಗಟಾರಕ್ಕ ಇಳಿಜಾರು ಇಲ್ಲಂದ್ರ ಮೊದಲು ಅದನ್ನ ಸರಿ ಮಾಡ್ರಿ.

ಹಾಲು ಹಿಂಡೋ ಹೊತ್ತಿಗೆ ಒಂದು ಟೇಬಲ್ ಫ್ಯಾನ್ ನೆಲಮಟ್ಟದಾಗ ಇಡ್ರಿ, ದನದ ಕಾಲಿನ ಕಡೆ ಗಾಳಿ ಬೀಸೋ ಹಂಗ. ಮ್ಯಾಲೆ ತೂಗಿದ್ರ ಉಪಯೋಗ ಕಡಿಮಿ, ಈ ನೊಣ ಕೆಳಗ ಹಾರ್ತದ. ಮೆಣಸಿನಗಿಡದಾಗ ಥ್ರಿಪ್ಸ್‌ಗೆ ಕಟ್ಟೋ ನೀಲಿ ಅಂಟುಹಾಳಿ ಉಳಿದಿದ್ರ ಮೊಣಕಾಲ ಎತ್ತರಕ್ಕ ಬಿಸಿಲು ಬೀಳೋ ಗ್ವಾಡಿಗೆ ಹಚ್ರಿ, ಒಂದಿಷ್ಟು ಹಿಡಿತದ. ಅದನ್ನಷ್ಟ ನಂಬಿ ಕೂಡಬ್ಯಾಡ್ರಿ. ಬೇವಿನ ಸೊಪ್ಪಿನ ಹೊಗಿ ಇರೋ ತನಕ ಸರಿ, ಮುಗಿದ ಮ್ಯಾಲೆ ಮತ್ತ ಅದ ಕಥಿ. ಹೊಲಕ್ಕ ಹೊಡಿಯೋ ಔಷಧಿ ದನದ ಮೈಗೆ ಮಾತ್ರ ಯಾವ ಕಾರಣಕ್ಕೂ ಹೊಡಿಬ್ಯಾಡ್ರಿ. ದನಕ್ಕಂತನ ಬರೋ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಐತಿ, ಅಳತಿ ಪಶುವೈದ್ಯರ ಕಡೆ ಕೇಳ್ರಿ. ಸಿಂಪಡಿಸೋವಾಗ ಬೆನ್ನಿಗಿಂತ ಕಾಲು, ಹೊಟ್ಟಿ ಕೆಳಗ ಚೆಂದಾಗಿ ಹಸಿ ಆಗಬೇಕು. ಬೆಕ್ಕು ಇದ್ರ ದೂರ ಕಟ್ರಿ, ಅದಕ್ಕ ಇದು ವಿಷ.

ಮನಷ್ಯಾರಿಗೆ ಡೀಟ್ (ನೊಣ, ಗುಂಗಾಡ ಹತ್ರ ಬರದಂಗ ಮಾಡೋ ಔಷಧಿ) 20ರಿಂದ 30 ಪರ್ಸೆಂಟ್ ಇರೋ ಕ್ರೀಮು ಅಥವಾ ಸ್ಪ್ರೇ ಹಿಮ್ಮಡದಿಂದ ಮೊಣಕಾಲ ತನಕ. ಕೆರೆದು ಗಾಯ ಆದಲ್ಲಿ ಬ್ಯಾಡ. ಹಚ್ಚಿದ ಕೈ ತೊಳದು ಆಮ್ಯಾಲೆ ಕೆಚ್ಚಲ ಮುಟ್ರಿ. ವಾಚಿನ ಪ್ಲಾಸ್ಟಿಕ್, ಕನ್ನಡಕದ ಫ್ರೇಮು ಅದಕ್ಕ ಕರಗ್ತಾವ.

---

ಗದಗ_ಗಾಳಿ:

ಇನ್ನೊಂದು ಸೇರಸ್ತೀನಿ. ರಾತ್ರಿ ಟ್ಯೂಬ್‌ಲೈಟ್ ಕೆಳಗ ಕುಂತವರಿಗೆ ಮರುದಿನ ಉದ್ದಕ ಬರಿ ಎಳದಂಗ ಸುಟ್ಟ ಗಾಯ ಎದ್ರ ಅದು ನೊಣನೂ ಅಲ್ಲ, ಕಾಂಗ್ರೆಸ್ ಕಸನೂ ಅಲ್ಲ. ಇರಿವಿಯಂಗ ಸಣ್ಣ ಹುಳ, ಕೆಂಪು ಮೈ, ಕರೇ ತಲಿ, ನಡುವ ನೀಲಿ ಮಿಂಚೋ ಪಟ್ಟಿ. ಕಡಿಯಂಗಿಲ್ಲ. ಮೈಮ್ಯಾಲ ಹೊಸಕಿದ್ರ ಅದರ ರಸಕ್ಕ ಚರ್ಮ ಸುಡ್ತದ, ಅದೂ ಒಂದು ದಿನ ಬಿಟ್ಟು. ಊದಿ ಹಾರಸ್ರಿ, ಹೊಸಕಿದ್ರ ಲಗೂನ ಸೋಪು ನೀರಾಗ ತೊಳೀರಿ. ಆ ಕೈಲೆ ಕಣ್ಣು ಮುಟ್ಟಬಾರದು.

---

ಎರಿಹೊಲ_ಬ್ಯಾಡಗಿ:

ಗ್ವಾದ್ಲಿ ಕೆಳಗ ಬಿಳಿ ಹುಳ ಗಿಜಿಗುಡಾಕ ಹತ್ಯಾವ ರೀ, ಖರೇ. ಕಾಂಗ್ರೆಸ್ ಕಸ ಬದುವಿನ ತುಂಬ ಐತಿ. ಕಸ ಸಾಯಿಸೋ ಔಷಧಿ 2,4-ಡಿ ಹೊಡದ್ರ ಹೆಂಗ? ಉಪ್ಪು ಹೊಡಿ ಅಂತಾರ ಕೆಲವರು. ಕಿತ್ತು ಸುಟ್ರ?

---

ಬದುವಿನ_ಕಸ, ರಾಣೇಬೆನ್ನೂರ:

ಸುಡೂದು ಬ್ಯಾಡ, ಅಲರ್ಜಿ ಇದ್ದವರಿಗೆ ಹೊಗಿ, ಬೂದಿ ಹಾರಿದ್ರೂ ತ್ರಾಸ. 2,4-ಡಿ ನಿಮ್ಮ ಗೋವಿನಜೋಳಕ್ಕ ತಡಿತದ, ಮೆಣಸಿನಗಿಡ ಬಾಜೂಕ ಐತಿ ಅಂದ್ರಲ್ಲ, ಗಾಳಿಗೆ ಹಾರಿ ಹೋದ್ರ ಎಲಿ ಮುದುಡಿ ಗಿಡ ನಿಲ್ಲಂಗಿಲ್ಲ. ಹತ್ತಿಗಂತೂ ಇನ್ನೂ ಕೆಟ್ಟದ್ದು. ಅದನ್ನ ಹೊಡದ ಪಂಪಿನಾಗ ಆಮ್ಯಾಲೆ ಮೆಣಸಿಗೆ ಔಷಧಿ ಹೊಡದ್ರೂ ಹಂಗ ಆಗ್ತದ. ಉಪ್ಪು ಲೀಟರ್‌ಗೆ 200 ಗ್ರಾಂ ಕಲಸಿ, ಹೂ ಬರೋಕಿಂತ ಮೊದಲು, ಬಿಸಿಲಿದ್ದ ದಿನ, ಎಲಿ ಪೂರ್ತಿ ತೋಯೋ ಹಂಗ ಹೊಡದ್ರ ಒಣಗ್ತದ. ಆದ್ರ ರಸ್ತಾ ದಂಡಿ, ಖಾಲಿ ಜಾಗಕ್ಕಷ್ಟ. ಬದುವಿನ ಮ್ಯಾಲೆ ಹೊಡದ್ರ ಆ ಉಪ್ಪು ಮಳಿಗೆ ನಿಮ್ಮ ಹೊಲಕ್ಕ ಇಳಿತದ, ಎರಿ ಮಣ್ಣಿಗೆ ಅದು ಒಗ್ಗಂಗಿಲ್ಲ.

ಬದುವಿಗೆ ಕೀಳೂದ ಸರಿ. ಮಳಿ ಬಂದ ಮರುದಿನ, ಮಣ್ಣು ಹಸಿ ಇದ್ದಾಗ, ಬೇರು ಸಮೇತ. ಕೊಯ್ದು ಬಿಟ್ರ ಬುಡದಿಂದ ಚಿಗೀತದ. ಬಿಳಿ ಹೂ ಕಾಣೋಕಿಂತ ಮೊದಲು ಕಿತ್ತಿದ್ದು ಗೊಬ್ಬರದ ಗುಂಡಿಗೆ ನಡಿತದ, ಹೂ ಆದ ಮ್ಯಾಲೆ ಬ್ಯಾಡ, ಬೀಜ ಗೊಬ್ಬರದ ಜೋಡಿ ಹೊಲಕ್ಕ ವಾಪಸ್ ಬರ್ತದ. ಕಿತ್ತ ಜಾಗದಾಗ ಮುಂದಿನ ಮಳಿಗೆ ತಗಚಿ ಬೀಜ ಚೆಲ್ರಿ, ದಟ್ಟ ಬೆಳದು ಕಾಂಗ್ರೆಸ್ ಕಸಕ್ಕ ಜಾಗ ಕೊಡಂಗಿಲ್ಲ. ಕಸದ ಎಲಿ ಮ್ಯಾಲೆ ಮಾಸಲು ಬಿಳಿ ಬೆನ್ನಿಗೆ ಕಂದು ಗೀರು ಇರೋ ದುಂಡನ ಹುಳ ಕಂಡ್ರ ಕೊಲ್ಲಬ್ಯಾಡ್ರಿ, ಅದು ಜೈಗೋಗ್ರಾಮಾ, ಈ ಕಸ ತಿನ್ನಲಿ ಅಂತನ ಮೆಕ್ಸಿಕೋದಿಂದ ತರಿಸಿ 1984ರಾಗ ಬೆಂಗಳೂರಾಗ ಬಿಟ್ಟಿದ್ದು.

ಕೀಳೋರಿಗೆ ರಬ್ಬರ್ ಗವಸು, ತುಂಬು ತೋಳಿನ ಅಂಗಿ, ಕುತ್ತಿಗಿಗೆ ಟವೆಲ್. ಬಟ್ಟಿ ಗವಸು ಹಾಕಿದ್ರ ಕಸದ ರಸ ಹೀರಿ ದಿನಪೂರ್ತಿ ಚರ್ಮಕ್ಕ ಹತ್ತಿಕೊಂಡ ಇರ್ತದ. ಈಗಾಗಲೇ ತುರಿಕಿ ಇದ್ದವರನ್ನ ಈ ಕೆಲಸಕ್ಕ ಕಳಸಬ್ಯಾಡ್ರಿ, ಗವಸು ಇದ್ರೂ ಬ್ಯಾಡ. ಅವರಿಗೆ ಬ್ಯಾರೆ ಕೆಲಸ ಹಚ್ರಿ.

---

ಚರ್ಮದ_ಮಾತು, ಧಾರವಾಡ:

ಅದೇ ಗವಸು ತೊಳೆದಿಡಿ, ಮೆಣಸಿನಕಾಯಿ ತೊಟ್ಟು ಬಿಡಿಸೋವಾಗ ಬೇಕಾಗ್ತದೆ. ಖಾರಕ್ಕೆ ಕೈ ಉರಿದರೆ ಬರೀ ನೀರು ಸುರೀಬೇಡಿ, ಆ ಖಾರ ನೀರಲ್ಲಿ ಕರಗೋದಿಲ್ಲ. ಮೊದಲು ಅಡಿಗೆ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಪಾತ್ರೆ ಸೋಪು. ಕಣ್ಣಿಗೆ ಬಿದ್ದರೆ ಮಾತ್ರ ಎಣ್ಣೆ ಬೇಡ, ತಣ್ಣೀರು ಹರಿಸಿ 15 ನಿಮಿಷ, ಉಜ್ಜದೆ.