ತೋಟದಲ್ಲಿ ಭಾಷೆಯ ಪಾಠ: ಕೈ ಓಡುತ್ತೆ, ಬಾಯಿ ಮಾತ್ರ ಬಿಡೋದಿಲ್ಲ!

ಪ್ರಶ್ನೆ
ದೊಡ್ಡವರಿಗೆ ಹೊಸ ಭಾಷೆ ಕಲಿಸುತ್ತೇನೆ. ಬೋರ್ಡು ನೋಡಿ ನೋಡಿ ಸಾಕಾಗಿದೆ ಅಂದರು. ಅದಕ್ಕೇ ವಾರಕ್ಕೊಂದು ಪಾಠ ಸಮುದಾಯ ತೋಟದಲ್ಲಿ ಇಟ್ಟುಕೊಂಡಿದ್ದೇನೆ. ಖುಷಿಯಾಗಿ ಬರುತ್ತಾರೆ, ಅಗೆಯುತ್ತಾರೆ, ನೀರು ಹಾಕುತ್ತಾರೆ. ಆದರೆ ಮಾತೇ ಇಲ್ಲ. ಆಡಿದರೂ ಅವರವರ ಮನೆಮಾತು. ಒಬ್ಬರಂತೂ ಅರ್ಧ ಪಾತಿಯ ಕಳೆ ಕಿತ್ತು ತುಟಿ ಬಿಚ್ಚದೆ ಹೊರಟುಹೋದರು. ಏನು ಮಾಡಲಿ?

ಉತ್ತರ 1
ಸುಮ್ನಿದ್ದಾರೆ ಅಂದರೆ ಕಲಿಯುತ್ತಿಲ್ಲ ಅಂತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಇಂಥದ್ದೇ ವಿಧಾನ ರೂಪಿಸಿದರು. ಕಲಿಸುವವರು ಹೇಳೋದು, ಕಲಿಯುವವರು ಮಾಡಿ ತೋರಿಸೋದು. ಮಾತು ಆಮೇಲೆ ಬರುತ್ತೆ. ಅವಸರ ಮಾಡಬೇಡಿ.

ಉತ್ತರ 2
ಶುರುವಿಗೆ ಅದು ಸರಿ. ಆದರೆ ದೊಡ್ಡವರಿಗೆ ಬರೀ ‘ಅಗೆಯಿರಿ, ಎತ್ತಿರಿ’ ಅಂತಿದ್ದರೆ ಎಷ್ಟು ದಿನ ಕೇಳುತ್ತಾರೆ? ಮಾತಿಲ್ಲದೇನೇ ಕೆಲಸ ಸಾಗುತ್ತಿದೆ, ಅದಕ್ಕೇ ಯಾರೂ ಆಡುತ್ತಿಲ್ಲ. ಸಾಗದ ಹಾಗೆ ಮಾಡಿ.

ನಾನು ಇಬ್ಬಿಬ್ಬರನ್ನು ಕೂರಿಸುತ್ತೇನೆ. ವಿವರ ಬರೆದಿರುವ ಪೊಟ್ಟಣ ಒಬ್ಬರ ಕೈಲಿ, ಬೀಜ ಇನ್ನೊಬ್ಬರ ಕೈಲಿ. ಎಷ್ಟು ಆಳ, ಎಷ್ಟು ದೂರ ಅಂತ ಕೇಳಲೇಬೇಕು. ಪೊಟ್ಟಣ ಹಿಡಿದವರು ಮಣ್ಣು ಮುಟ್ಟೋ ಹಾಗಿಲ್ಲ, ಬೆರಳು ತೋರಿಸೋ ಹಾಗೂ ಇಲ್ಲ. ಬೆರಳಿನ ವಿಷಯದಲ್ಲಿ ರಿಯಾಯಿತಿ ಕೊಡಬೇಡಿ. ಕೊಟ್ಟರೆ ‘ಅಲ್ಲಿ, ಇಲ್ಲಿ, ಹಂಗೆ’ಯಲ್ಲೇ ಪಾಠ ಮುಗಿಯುತ್ತೆ. ತರಗತಿಯಲ್ಲಿ ಹೆಸರು ಕೇಳಿದರೂ ತಲೆ ತಗ್ಗಿಸುತ್ತಿದ್ದ ಒಬ್ಬರು ಇಲ್ಲಿ, ‘ಇನ್ನೂ ಸ್ವಲ್ಪ ಎಡಕ್ಕೆ! ಅಯ್ಯೋ, ಜಾಸ್ತಿ ಆಳ ಆಯ್ತು!’ ಅಂತ ಕೂಗುತ್ತಿದ್ದರು.

ಮೂಲಂಗಿ ಹಾಕಿ. ಮಣ್ಣು ಬೆಚ್ಚಗಿದ್ದರೆ ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತೆ. ಬೇಗ ಬೆಳೆಯುವ ತಳಿಯಾದರೆ 25–30 ದಿನಕ್ಕೆ ಕೀಳಬಹುದು. ಪ್ರತಿ ವಾರ ಏನಾದರೊಂದು ಬದಲಾಗಿರುತ್ತೆ. ‘ಹೋದ ವಾರ ಬಿತ್ತಿದ್ವಿ, ಈಗ ಮೊಳೆತಿದೆ, ಬರೋ ವಾರ ಒತ್ತಾಗಿರೋ ಸಸಿ ಕೀಳ್ತೀವಿ’ ಅನ್ನೋಕೆ ವ್ಯಾಕರಣದ ಪಟ್ಟಿ ಬೇಕಾ?

ಬರವಣಿಗೆಗೆ ಒಂದು ನೋಟ್‌ಬುಕ್ ಸಾಕು. ಇವತ್ತು ಬಂದವರು ನಾಳೆ ಬರುವವರಿಗೆ ಬರೆದಿಡಲಿ: ಯಾವ ಪಾತಿಗೆ ನೀರಾಯ್ತು, ಎಲ್ಲಿ ಹುಳ ಬಿದ್ದಿದೆ. ಓದೋರು ನಿಜವಾಗಿ ಇದ್ದಾರೆ ಅಂದಾಗ ಅಕ್ಷರ ತಾನಾಗೇ ದುಂಡಗಾಗುತ್ತೆ. (ನಿಮ್ಮ ಕೆಂಪು ಪೆನ್ನು ಅದರ ಹತ್ತಿರ ಹೋಗದಿರಲಿ.)

ಉತ್ತರ 3
ಆ ಕಳೆ ಕಿತ್ತವರು ಮೊದಲು ಬೇಸಾಯ ಮಾಡಿದವರಾ, ಕೇಳಿ ನೋಡಿ. ಆಗಿದ್ದರೆ ಅವರ ಮುಂದೆ ನೀವೇ ಶಿಷ್ಯರು. ಯಾವುದು ಕಳೆ, ಯಾವುದು ಸಸಿ ಅಂತ ಅವರ ಹತ್ತಿರ ಹೇಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು
ಕೇಳಿದೆ. ಅವರಿಗೆ ಸ್ವಂತ ಹೊಲವೇ ಇತ್ತಂತೆ! ಮುಂದಿನ ವಾರದ ಪಾಠ ಅವರಿಗೇ ಒಪ್ಪಿಸಿದ್ದೇನೆ. ಇನ್ನೊಂದು ವಿಷಯ: ಗಿಡದ ಹೆಸರು ಬರೆದು ನೆಟ್ಟ ಪಟ್ಟಿಗಳೆಲ್ಲ ಮಳೆಗೆ ಅಳಿಸಿಹೋಗಿವೆ.

ಉತ್ತರ 2
ಪ್ಲಾಸ್ಟಿಕ್ ಪಟ್ಟಿ ತಗೊಂಡು ಪೆನ್ಸಿಲ್‌ನಲ್ಲಿ ಬರೆಸಿ. ಶಾಯಿಗಿಂತ ಜಾಸ್ತಿ ದಿನ ಉಳಿಯುತ್ತೆ.