ರೊಟ್ಟಿ, ಅನ್ನ ಬಿಟ್ಟರೂ ತೂಕ ಇಳಿದು ನಿಲ್ಲುತ್ತಿಲ್ಲ. ಮನೆ ಊಟದಲ್ಲೇ ಏನು ಮಾಡಬಹುದು?

ಗಂಜ್_ಹತ್ತಿರದವಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ. ವಯಸ್ಸು 41, ಎತ್ತರ 5 ಅಡಿ 2 ಇಂಚು, ತೂಕ 76 ಕಿಲೋ. ಎರಡನೇ ಹೆರಿಗೆ ಆದಮೇಲೆ ಏರಿದ್ದು ಇಳಿಯಲೇ ಇಲ್ಲ. ಮೂರು ತಿಂಗಳ ಹಿಂದೆ ಯಾರೋ ಹೇಳಿದರು ಅಂತ ರೊಟ್ಟಿ, ಅನ್ನ ಎರಡೂ ಬಿಟ್ಟೆ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ, ನಿಂಬೆಹುಳಿ. ಮಧ್ಯಾಹ್ನ ಸೌತೆಕಾಯಿ, ಗಜ್ಜರಿ ಅಷ್ಟೇ. 9 ದಿನಕ್ಕೆ 2 ಕಿಲೋ ಇಳಿಯಿತು, ಆದರೆ ತಲೆ ಸುತ್ತು, ಮಕ್ಕಳ ಮೇಲೆ ಸುಮ್ನೆ ಸಿಡುಕು. ಆಮೇಲೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದೆವು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಮುಂದಿಟ್ಟರೆ ಹೇಗೆ ಬಿಡೋದು ಹೇಳಿ. ಅಲ್ಲಿಂದ ಊಟ ಮೊದಲಿನ ಹಾಗೇ, ತೂಕವೂ ವಾಪಸ್ ಬಂತು.

ಮನೆಯಲ್ಲಿ 5 ಜನ. ಅತ್ತೆಯವರಿಗೆ, ಮಕ್ಕಳಿಗೆ ಬೇರೆ, ನನಗೆ ಬೇರೆ ಅಂತ ಅಡುಗೆ ಮಾಡಲು ಆಗುವುದಿಲ್ಲ. ಯಜಮಾನರು ಅಂಗಡಿ ಮುಚ್ಚಿ ಬರೋದೇ ರಾತ್ರಿ ಹತ್ತಕ್ಕೆ, ಆಮೇಲೆ ಅವರ ಜೊತೆ ನನ್ನ ಊಟ. ಜಿಮ್ ಬೇಡ, ಪುಡಿ ಶೇಕ್ ಬೇಡ. ದಿನಾ ನಡೆಯುವಂಥದ್ದು ಏನಾದರೂ ಹೇಳಿ.

ಶಹಾಬಾದ್_ಅಕ್ಕ:
ತಂಗಿ, ಮೊದಲು ರೊಟ್ಟಿಗೆ ಮರಳಿ ಬಾ. ನಾನೂ 79 ಕಿಲೋ ಇದ್ದೆ, 14 ತಿಂಗಳಲ್ಲಿ 68ಕ್ಕೆ ಬಂದಿದ್ದೇನೆ, ಒಂದು ದಿನವೂ ರೊಟ್ಟಿ ಬಿಟ್ಟಿಲ್ಲ. ನನ್ನ ಮನೆಯಲ್ಲಿ ತೂಕ ಕೂತಿದ್ದು ಎಣ್ಣೆಯಲ್ಲಿ.

ಹೇಗೆ ಗೊತ್ತಾಯಿತು ಅಂದರೆ, ಕುಸುಬಿ ಎಣ್ಣೆ ಕ್ಯಾನಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ತೆರೆದ ದಿನದ ತಾರೀಖು ಬರೆದೆ. ನಮ್ಮದೂ 5 ಜನರ ಮನೆ. ತಿಂಗಳಿಗೆ 7 ಲೀಟರ್ ಖರ್ಚಾಗಿತ್ತು! ಲೆಕ್ಕ ಹಾಕಿದರೆ ಒಬ್ಬರಿಗೆ ದಿನಕ್ಕೆ 46 ಮಿಲಿ, ಅಂದರೆ ಎಣ್ಣೆಯಿಂದಲೇ ಹತ್ತಿರ ಹತ್ತಿರ 380 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2000 ಕ್ಯಾಲರಿ ಊಟಕ್ಕೆ ಹೇಳೋದು 27 ಗ್ರಾಂ, ಸುಮಾರು 30 ಮಿಲಿ. ನಾನು ಕ್ಯಾನಿನಿಂದ ನೇರ ಬಾಣಲೆಗೆ ಸುರಿಯೋದು ನಿಲ್ಲಿಸಿದೆ. ಬೆಳಿಗ್ಗೆಯೇ ಇಡೀ ದಿನದ ಎಣ್ಣೆ ಅಳೆದು ಸಣ್ಣ ಸ್ಟೀಲ್ ಗಿಂಡಿಗೆ ಹಾಕುತ್ತೇನೆ, ಒಗ್ಗರಣೆ, ಪಲ್ಯ ಎಲ್ಲ ಅದರಲ್ಲೇ. ಮೊದಲ ವಾರ ಮಧ್ಯಾಹ್ನಕ್ಕೇ ಗಿಂಡಿ ಖಾಲಿ ಆಗುತ್ತಿತ್ತು. ಈಗ ತಿಂಗಳಿಗೆ 4 ಲೀಟರ್. ಎಣ್ಣೆಗಾಯಿ ಬದನೆಯನ್ನು ಮೊದಲು ಹಬೆಯಲ್ಲಿ ಬೇಯಿಸಿ ಆಮೇಲೆ ಮಸಾಲೆಗೆ ಹಾಕುತ್ತೇನೆ, ಅತ್ತೆಯವರಿಗೆ ಇವತ್ತಿಗೂ ವ್ಯತ್ಯಾಸ ಗೊತ್ತಾಗಿಲ್ಲ. ನೋಡು, ಬೇರೆ ಅಡುಗೆ ಬೇಕಾಗಲೇ ಇಲ್ಲ, ಇಡೀ ಮನೆಗೇ ಒಳ್ಳೆಯದಾಯಿತು.

ಇನ್ನೊಂದು, ಮಕ್ಕಳು ತಟ್ಟೆಯಲ್ಲಿ ಬಿಟ್ಟಿದ್ದನ್ನು ನೀನು ತಿಂದು ಮುಗಿಸುತ್ತೀಯಾ? ನಾನು ತಿನ್ನುತ್ತಿದ್ದೆ. ಈಗ ಅವರಿಗೇ ಕಡಿಮೆ ಬಡಿಸಿ, ಬೇಕಾದರೆ ಮತ್ತೆ ಹಾಕುತ್ತೇನೆ.

ಸೇಡಂ_ಹೊಲ:
ಜೋಳದ ರೊಟ್ಟಿ ಎಷ್ಟು ತಿಂದರೂ ಏನೂ ಆಗುವುದಿಲ್ಲ ಅಕ್ಕಾ. ನಮ್ಮಪ್ಪ ಹೊತ್ತಿಗೆ ಐದು ತಿನ್ನುತ್ತಾರೆ, ಈಗಲೂ ಕಡ್ಡಿ ಹಾಗಿದ್ದಾರೆ.

ಯಾದಗಿರಿ_ಸಿಸ್ಟರ್:
ಅಣ್ಣಾ, ನಿಮ್ಮ ಅಪ್ಪನವರು ಹೊಲದಲ್ಲಿ ದುಡಿಯುತ್ತಾರೆ, ಅವರಿಗೆ ಅದು ಸರಿ. ಆದರೆ 50 ಗ್ರಾಂ ಹಿಟ್ಟಿನ ರೊಟ್ಟಿ ಅಂದರೆ ಸುಮಾರು 170 ಕ್ಯಾಲರಿ, ಗೋಧಿ ಚಪಾತಿಗೂ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿ ಒಳ್ಳೆಯದು ಯಾಕೆಂದರೆ ಎಣ್ಣೆ ಇಲ್ಲದೆ ಸುಡುತ್ತೇವೆ, ನಾರು ಇರುತ್ತದೆ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಖಡಕ್ ರೊಟ್ಟಿ ಮಾತ್ರ ಜೋಪಾನ. ಟಿವಿ ಮುಂದೆ ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಎಣ್ಣೆ ಹಾಕಿಕೊಂಡು ಮುರಿಯುತ್ತಾ ಕೂತರೆ ಎಷ್ಟು ಹೋಯಿತು ಅಂತ ಲೆಕ್ಕವೇ ಸಿಗುವುದಿಲ್ಲ. 100 ಗ್ರಾಂ ಶೇಂಗಾದಲ್ಲೇ 550ಕ್ಕಿಂತ ಜಾಸ್ತಿ ಕ್ಯಾಲರಿ ಇದೆ. ಎರಡು ಚಮಚ ಹಿಂಡಿ ತಟ್ಟೆಗೆ ಹಾಕಿಕೊಂಡು ಡಬ್ಬಿ ಒಳಗಿಡಿ.

ಗಂಜ್ ಅಕ್ಕಾ, ಆ 9 ದಿನದಲ್ಲಿ ಇಳಿದದ್ದರಲ್ಲಿ ಬಹುಪಾಲು ನೀರು, ಅದಕ್ಕೇ ಅಷ್ಟು ಬೇಗ ಮರಳಿತು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ತಲೆ ಸುತ್ತಿದೆ ಅಂದಿರಿ, ಒಮ್ಮೆ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು. ತಕ್ಕಡಿಗಿಂತ ಟೇಪು ನಂಬಿ. ನಮ್ಮ ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರಿಗೆ 90, ಅದರೊಳಗೆ ಇರಬೇಕು.

ಬೇಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಶಕ್ಕೆಲ್ಲ ತೊಗರಿ ಕಳಿಸುವ ಊರು ನಿಮ್ಮದು, ಆದರೂ ಎಷ್ಟೋ ಮನೆಗಳಲ್ಲಿ ಸಾರಿನ ತಳದಲ್ಲಿ ಬೇಳೆ ಹುಡುಕಬೇಕು. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಗಟ್ಟಿ ಬೇಳೆ ಮಾಡಿ, ಪುಂಡಿ ಪಲ್ಯಕ್ಕೂ ಒಂದು ಹಿಡಿ ಜಾಸ್ತಿ ಹಾಕಿ, ಮಡಕಿ ಕಾಳು, ಹೆಸರುಕಾಳು ಮೊಳಕೆ ಕಟ್ಟಿ ಉಸಳಿ ಮಾಡಿ. ಬೇಳೆಕಾಳು ಸರಿಯಾಗಿ ತಿಂದವರಿಗೆ ಸಂಜೆ ಐದಕ್ಕೆ ಮಿರ್ಚಿ ಭಜ್ಜಿ ಅಷ್ಟಾಗಿ ಕರೆಯುವುದಿಲ್ಲ, ಮಾಡಿ ನೋಡಿ. ಊಟಕ್ಕೆ ಕೂತ ತಕ್ಷಣ ಮೊದಲು ಪಚಡಿ. ಗಜ್ಜರಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪು ಹೆಚ್ಚಿ ನಿಂಬೆಹುಳಿ ಹಿಂಡಿದರೆ ಸಾಕು.

ಬೀದರ್_ನಡಿಗೆ:
ನನ್ನದು ಚಹಾ. ದಿನಕ್ಕೆ 5 ಕಪ್, ಕಪ್ಪಿಗೆ 2 ಚಮಚ, ಒಟ್ಟು 50 ಗ್ರಾಂ ಸಕ್ಕರೆ. ಇರಬೇಕಾದದ್ದು 25ರೊಳಗೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ ಅಂತ ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸಿದೆ. ಈಗ 2 ಕಪ್, ಅರ್ಧ ಚಮಚ.

ನಡಿಗೆ ವಾರಕ್ಕೆ 150 ನಿಮಿಷ. ನಾನು ಬೆಳಿಗ್ಗೆ ಐದೂವರೆಗೆ ಪಾಪನಾಶದ ಕಡೆ ಹೋಗುತ್ತೇನೆ. ಏಪ್ರಿಲ್, ಮೇ ಬಿಸಿಲಿಗೆ ಏಳರ ನಂತರ ಆಗುವುದಿಲ್ಲ. ನಿಮಗೆ ಅಪ್ಪನ ಕೆರೆ ಇದೆ, ಪಬ್ಲಿಕ್ ಗಾರ್ಡನ್ ಇದೆ. ಹೊರಗೆ ಹೋಗಲು ಆಗದ ದಿನ ಮಾಳಿಗೆ ಮೇಲೆ ಮೂರು ಸಲ ಹತ್ತತ್ತು ನಿಮಿಷ ನಡೆಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಗೆ ತಂಪು ಬಾಟಲಿ ಬೇಡ, 250 ಮಿಲಿ ಬಾಟಲಿಯಲ್ಲೇ ಸುಮಾರು 5 ಚಮಚ ಸಕ್ಕರೆ ಇರುತ್ತದೆ. ಅಂಬಲಿ ಇಲ್ಲವೇ ನೀರು ಮಜ್ಜಿಗೆ ಮಾಡಿಕೊಳ್ಳಿ.

ಗಂಜ್_ಹತ್ತಿರದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಹಾಬಾದ್ ಅಕ್ಕಾ, ಎಣ್ಣೆ ಬಿಲ್ ತೆಗೆದು ನೋಡಿದೆ, ನಮ್ಮದು ಆರೂವರೆ ಲೀಟರ್. ಇವತ್ತೇ ಗಿಂಡಿ ಇಟ್ಟಿದ್ದೇನೆ. ಪರೀಕ್ಷೆಗೆ ಸೋಮವಾರ ಹೋಗುತ್ತೇನೆ. ಆದರೆ ರಾತ್ರಿ ಹತ್ತರ ಊಟಕ್ಕೆ ಏನು ಮಾಡಲಿ? ಅವರೊಬ್ಬರನ್ನೇ ಊಟಕ್ಕೆ ಕೂರಿಸಲು ಮನಸ್ಸು ಬರುವುದಿಲ್ಲ.

ಶಹಾಬಾದ್_ಅಕ್ಕ:
ಎಂಟಕ್ಕೆ ಮಕ್ಕಳ ಜೊತೆ ನಿನ್ನ ಊಟ ಮುಗಿಸು. ಹತ್ತಕ್ಕೆ ಅವರ ಎದುರು ಒಂದು ಲೋಟ ಮಜ್ಜಿಗೆ ಹಿಡಿದು ಕೂತುಕೋ, ಮಾತು ಆಗಲಿ. ಇಲ್ಲವೇ ಅಂಗಡಿಗೇ ಬುತ್ತಿ ಕಳಿಸು, ಅವರಿಗೂ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ ಅಲ್ವಾ.

ಗಂಜ್_ಹತ್ತಿರದವಳು:
ಕೇಳಿದೆ ಅಕ್ಕಾ. ಬುತ್ತಿಗೆ ಒಪ್ಪಿದ್ದಾರೆ. ನಾಳೆಯಿಂದ ಟ್ಯೂಷನ್‌ಗೆ ಹೋಗುವಾಗ ಮಗ ಒಯ್ದು ಕೊಡುತ್ತಾನೆ. ಎರಡು ರೊಟ್ಟಿ, ಗಟ್ಟಿ ಬೇಳೆ, ಪಚಡಿ.